ಇನ್ನೊಬ್ಬರ ಕೋಡ್ ಓದಿಸಿ: ಕಾಲೇಜಿನಲ್ಲಿ ಓಪನ್ ಸೋರ್ಸ್ ಕಲಿಸುವವರಿಗೊಂದು ಮಾರ್ಗದರ್ಶಿ

ವಿಟಿಯುವಿನ 2022ರ ಸ್ಕೀಮ್‌ನಲ್ಲಿ ಮೂರನೇ ಸೆಮಿಸ್ಟರ್‌ಗೆ 'ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್' ಎಂಬ ಲ್ಯಾಬ್ ಇದೆ. ಗಿಟ್ ಎಂದರೆ ಕೋಡಿನಲ್ಲಿ ಆದ ಬದಲಾವಣೆಗಳನ್ನು ದಾಖಲಿಸಿಡುವ ಸಾಫ್ಟ್‌ವೇರ್. ಅದರ ಬ್ರಾಂಚ್, ಮರ್ಜ್, ಸ್ಟ್ಯಾಶ್, ರೀಬೇಸ್, ಚೆರ್ರಿ ಪಿಕ್ ಕಮಾಂಡ್‌ಗಳೆಲ್ಲವೂ ಈ ಲ್ಯಾಬಿನಲ್ಲಿವೆ. ಇದು ಬಂದದ್ದು ನಿಜಕ್ಕೂ ಒಳ್ಳೆಯದಾಯಿತು. ಆದರೆ ಒಂದು ಖಾಲಿ ಫೋಲ್ಡರ್, ಅದರಲ್ಲಿ ಎರಡು ಸಾಲಿನ ಒಂದು ಫೈಲ್ ಇಟ್ಟುಕೊಂಡೇ ಆ ಲ್ಯಾಬನ್ನು ಪೂರ್ತಿ ಮುಗಿಸಿಬಿಡಬಹುದು. ಬೇರೆಯವರು ಬರೆದ ಕೋಡನ್ನು ಓದಬೇಕಾಗಿಲ್ಲ. ಗುರುತಿಲ್ಲದವರನ್ನು ಒಂದು ಪ್ರಶ್ನೆ ಕೇಳಬೇಕಾಗಿಲ್ಲ. 'ಇದು ಸರಿಯಿಲ್ಲ, ಬದಲಾಯಿಸಿ' ಎಂದು ಯಾರಿಂದಲೂ ಕೇಳಿಸಿಕೊಳ್ಳಬೇಕಾಗಿಲ್ಲ.

ಕೋಡನ್ನು ಯಾರು ಬೇಕಾದರೂ ಓದಿ ತಿದ್ದಬಹುದಾದ ಓಪನ್ ಸೋರ್ಸ್‌ನಲ್ಲಿ ದಿನನಿತ್ಯದ ಕೆಲಸವೇ ಈ ಮೂರು. ಕಮಾಂಡ್‌ಗಳನ್ನು ಯಾವ ವಿಡಿಯೋ ನೋಡಿಯಾದರೂ ಕಲಿಯಬಹುದು. ಈ ಮೂರನ್ನು ಕಲಿಸಲು ಮಾತ್ರ ಒಬ್ಬ ಮೇಷ್ಟ್ರು ಬೇಕು. ಇಂಜಿನಿಯರಿಂಗ್, ಬಿಸಿಎ, ಎಂಸಿಎ ಕಾಲೇಜುಗಳಲ್ಲಿ ಪಾಠ ಮಾಡುವವರು ಒಂದು ಸೆಮಿಸ್ಟರ್ ಒಳಗೆ ಇದನ್ನು ಹೇಗೆ ಮಾಡಬಹುದು ಅಂತ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶುರುವಿಗೆ ಮೊದಲು ಒಂದು ಎಚ್ಚರಿಕೆ. 'ಪ್ರತಿಯೊಬ್ಬರೂ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿ, ಸ್ಕ್ರೀನ್‌ಶಾಟ್ ತನ್ನಿ, ಮಾರ್ಕ್ಸ್ ತಗೊಳ್ಳಿ' ಎಂಬ ಅಸೈನ್‌ಮೆಂಟ್ ದಯವಿಟ್ಟು ಕೊಡಬೇಡಿ. (ಪುಲ್ ರಿಕ್ವೆಸ್ಟ್ ಎಂದರೆ ನಾನು ಮಾಡಿದ ಬದಲಾವಣೆಯನ್ನು ನಿಮ್ಮ ಕೋಡಿಗೆ ಸೇರಿಸಿಕೊಳ್ಳಿ ಎಂಬ ಕೋರಿಕೆ.) 2014ರಲ್ಲಿ ಶುರುವಾದ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ಅಕ್ಟೋಬರ್ ತಿಂಗಳಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಕೊಡುತ್ತಿದ್ದರು. 2020ರಲ್ಲಿ ಅರ್ಥವಿಲ್ಲದ ಪುಲ್ ರಿಕ್ವೆಸ್ಟ್‌ಗಳು ಎಷ್ಟು ಬಂದು ಬಿದ್ದವೆಂದರೆ, ತಾವಾಗಿ ಒಪ್ಪಿಕೊಂಡ ಪ್ರಾಜೆಕ್ಟುಗಳಿಗೆ ಮಾತ್ರ ಅನ್ವಯ ಎಂದು ನಡುವೆಯೇ ನಿಯಮ ಬದಲಾಯಿಸಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟಿಗೂ ಇದೇ ಗತಿ ಬಂತು. ಒಂದು ಟ್ಯುಟೋರಿಯಲ್ ನೋಡಿದ ವಿದ್ಯಾರ್ಥಿಗಳು ರೀಡ್‌ಮಿ ಫೈಲಿನಲ್ಲಿ ಸುಮ್ನೆ ತಮ್ಮ ಹೆಸರು ಸೇರಿಸಿ ಸಾಲು ಸಾಲಾಗಿ ಕಳಿಸಿದರು. ಅವನ್ನೆಲ್ಲ ಮುಚ್ಚುತ್ತಾ ಕುಳಿತವರು ಬಿಡುವಿನ ವೇಳೆಯಲ್ಲಿ ಪ್ರಾಜೆಕ್ಟನ್ನು ನೋಡಿಕೊಳ್ಳುವ ಮೇಂಟೇನರ್‌ಗಳು. ಆ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಆಚೆ ಬದಿಯಲ್ಲಿ ಒಬ್ಬ ಮನುಷ್ಯ ಕೂತು ಇದನ್ನು ಓದುತ್ತಾನೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಹಂತ 1: ಮೊದಲು ನೀವು ಒಂದು ಸಣ್ಣ ಕೆಲಸ ಮಾಡಿ

ಸೆಮಿಸ್ಟರ್ ಶುರುವಾಗುವ ಮೊದಲಿನ ರಜೆಯಲ್ಲಿ ನೀವೇ ಒಂದು ಪ್ರಾಜೆಕ್ಟಿಗೆ ಒಂದು ಪ್ಯಾಚ್ (ತಿದ್ದುಪಡಿ) ಕಳಿಸಿ. ದಾಖಲೆಯಲ್ಲಿರುವ ಒಂದು ತಪ್ಪು ಸಾಲನ್ನು ತಿದ್ದಿದರೂ ಸಾಕು. ಬಿಲ್ಡ್ ಮಾಡಲು (ಕೋಡಿನಿಂದ ಓಡುವ ಪ್ರೋಗ್ರಾಮ್ ಕಟ್ಟಲು) ಎಷ್ಟು ಹೊತ್ತು ಹಿಡಿಯಿತು, ಉತ್ತರಕ್ಕೆ ಎಷ್ಟು ದಿನ ಕಾಯಬೇಕಾಯಿತು, ರಿವ್ಯೂನಲ್ಲಿ ಏನು ಕೇಳಿದರು, ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಮೊದಲ ಕ್ಲಾಸಿನಲ್ಲಿ ಆ ಪುಲ್ ರಿಕ್ವೆಸ್ಟನ್ನೇ ಪ್ರೊಜೆಕ್ಟರ್‌ನಲ್ಲಿ ತೋರಿಸಿ. ಮೇಷ್ಟ್ರ ಕೋಡಿಗೂ ಯಾರೋ ತಿದ್ದುಪಡಿ ಹೇಳಿದ್ದಾರೆ ಎನ್ನುವುದನ್ನು ಕಂಡಾಗ ಹುಡುಗರ ಅರ್ಧ ಹೆದರಿಕೆ ಹೋಗುತ್ತದೆ.

ಹಂತ 2: ಇಡೀ ಕ್ಲಾಸಿಗೆ ಎರಡು ಮೂರೇ ಪ್ರಾಜೆಕ್ಟ್

60 ಜನರ ಕ್ಲಾಸಿನಲ್ಲಿ ಪ್ರತಿಯೊಬ್ಬರೂ ತಮಗಿಷ್ಟವಾದ ಪ್ರಾಜೆಕ್ಟ್ ಹುಡುಕಿಕೊಳ್ಳಲಿ ಎಂದು ಬಿಟ್ಟರೆ ನಿಮಗೆ ಯಾವುದನ್ನೂ ನೋಡಿಕೊಳ್ಳಲು ಆಗುವುದಿಲ್ಲ. ಕೆನಡಾದ ಸೆನೆಕಾ ಕಾಲೇಜು 2000ರ ದಶಕದ ಮಧ್ಯದಲ್ಲೇ ಮೊಜಿಲ್ಲಾ ಸಮುದಾಯದ ಜೊತೆ ಸೇರಿ ಕೋರ್ಸ್ ನಡೆಸಲು ಶುರು ಮಾಡಿತ್ತು. ಒಂದೇ ಸಮುದಾಯವನ್ನು ಹಿಡಿದುಕೊಂಡರೆ ಮೇಷ್ಟ್ರಿಗೆ ಅಲ್ಲಿನ ಜನರ ಪರಿಚಯವಾಗುತ್ತದೆ. ಒಬ್ಬ ವಿದ್ಯಾರ್ಥಿ ಕಲಿತದ್ದು ಪಕ್ಕದವಳಿಗೂ ಉಪಯೋಗಕ್ಕೆ ಬರುತ್ತದೆ. ಮುಂದಿನ ವರ್ಷದ ಬ್ಯಾಚಿಗೆ ಈ ವರ್ಷದವರೇ ಹೇಳಿಕೊಡಬಹುದು.

ಪ್ರಾಜೆಕ್ಟ್ ಆರಿಸುವಾಗ ಎಷ್ಟು ಸ್ಟಾರ್ (ಮೆಚ್ಚುಗೆಯ ಗುರುತು) ಇವೆ ಅಂತ ನೋಡಬೇಡಿ. ಕಳೆದ ಎರಡು ತಿಂಗಳಲ್ಲಿ ಮುಚ್ಚಿರುವ ಪುಲ್ ರಿಕ್ವೆಸ್ಟ್‌ಗಳನ್ನು ತೆಗೆದು ಓದಿ. ಹೊಸಬರು ಕಳಿಸಿದ್ದಕ್ಕೆ ಉತ್ತರ ಬಂದಿದೆಯಾ? ಬಂದ ಉತ್ತರದ ಧಾಟಿ ಹೇಗಿದೆ? ಹೊಸಬರಿಗೆಂದು ಗುರುತು ಹಾಕಿಟ್ಟ ಇಶ್ಯೂಗಳು (ದಾಖಲಾದ ತೊಂದರೆಗಳು, ಬಾಕಿ ಕೆಲಸಗಳು) ನಿಜಕ್ಕೂ ಯಾರೂ ಹಿಡಿಯದೆ ಉಳಿದಿವೆಯಾ, ಅಥವಾ ಒಂದೊಂದರ ಕೆಳಗೂ ಹತ್ತು ಜನ 'ನನಗೆ ಕೊಡಿ' ಎಂದು ಸಾಲು ನಿಂತಿದ್ದಾರಾ? ಕೊಡುಗೆ ಹೇಗೆ ಕೊಡಬೇಕೆಂದು ವಿವರಿಸುವ ಕಾಂಟ್ರಿಬ್ಯೂಟಿಂಗ್ ಫೈಲ್ ಇದೆಯಾ?

ಆಮೇಲೆ ಲ್ಯಾಪ್‌ಟಾಪ್. ನಮ್ಮ ಹುಡುಗರ ಹತ್ತಿರ ಇರುವುದು ಜಾಸ್ತಿ ಅಂದರೆ 8 ಜಿಬಿ ರ‍್ಯಾಮ್‌ನ ಯಂತ್ರ. ಲಿಬ್ರೆಆಫೀಸನ್ನು ಸೊನ್ನೆಯಿಂದ ಬಿಲ್ಡ್ ಮಾಡಲು ಅಂಥ ಯಂತ್ರದಲ್ಲಿ ಗಂಟೆಗಟ್ಟಲೆ ಬೇಕು. ಫೈರ್‌ಫಾಕ್ಸ್‌ನಲ್ಲಿ 'ಆರ್ಟಿಫ್ಯಾಕ್ಟ್ ಬಿಲ್ಡ್' ಎಂಬ ಅನುಕೂಲ ಇದೆ. ಸಿ++ ಭಾಗವನ್ನು ಮೊದಲೇ ಕಟ್ಟಿದ ರೂಪದಲ್ಲಿ ಇಳಿಸಿಕೊಂಡು ಜಾವಾಸ್ಕ್ರಿಪ್ಟ್ ಭಾಗದಲ್ಲಷ್ಟೇ ಕೆಲಸ ಮಾಡಬಹುದು. ಮೊದಲ ಸಲ ಕಲಿಸುವವರು ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್‌ನ ಮಧ್ಯಮ ಗಾತ್ರದ ಪ್ರಾಜೆಕ್ಟ್ ಹಿಡಿಯುವುದು ವಾಸಿ. ಮುಂಬೈಯಲ್ಲಿ ಹುಟ್ಟಿದ ಫ್ರಾಪೆ (ವೆಬ್ ಫ್ರೇಮ್‌ವರ್ಕ್), ಇಆರ್‌ಪಿನೆಕ್ಸ್ಟ್ (ವ್ಯವಹಾರ ನಿರ್ವಹಣೆಯ ಸಾಫ್ಟ್‌ವೇರ್) ಪೈಥಾನ್‌ನಲ್ಲಿವೆ. ಬೆಂಗಳೂರಿನ ಇಗವ್ ಫೌಂಡೇಶನ್ನಿನ ಡಿಜಿಟ್ (ಸರ್ಕಾರಿ ಸೇವೆಗಳ ವೇದಿಕೆ), ಐಐಐಟಿ ಬೆಂಗಳೂರಿನಲ್ಲಿ ಶುರುವಾದ ಮೋಸಿಪ್ (ಡಿಜಿಟಲ್ ಗುರುತಿನ ವ್ಯವಸ್ಥೆ) ನಮ್ಮ ಊರಿನವೇ. ಆದರೆ ಇವೆರಡೂ ದೊಡ್ಡವು, ಏಳನೇ ಸೆಮಿಸ್ಟರ್‌ನವರಿಗೆ ಸರಿಹೋದಾವು.

ಆರಿಸಿದ ಮೇಲೆ ಮೇಂಟೇನರ್‌ಗಳಿಗೆ ಒಂದು ಪತ್ರ ಬರೆಯಿರಿ. ಎಷ್ಟು ವಿದ್ಯಾರ್ಥಿಗಳು ಬರುತ್ತಾರೆ, ಯಾವ ತಿಂಗಳಲ್ಲಿ ಬರುತ್ತಾರೆ, ಅವರ ಕೋಡನ್ನು ಮೊದಲು ನೀವೇ ನೋಡಿ ಕಳಿಸುತ್ತೀರಿ ಎಂದು ತಿಳಿಸಿ. ಈಗ ಬೇಡ ಅಂದರೆ ಬೇರೆ ಪ್ರಾಜೆಕ್ಟ್ ನೋಡಿ. ಹೇಳದೆ ಕೇಳದೆ ಒಂದು ಕ್ಲಾಸನ್ನೇ ಒಬ್ಬರ ಮನೆ ಬಾಗಿಲಿಗೆ ಕಳಿಸುವುದು ಸರಿಯಲ್ಲ, ಅಲ್ವಾ?

ಹಂತ 3: ಲ್ಯಾಬಿನ ತಾಪತ್ರಯಗಳನ್ನು ಮೊದಲೇ ಬಗೆಹರಿಸಿ

ಪುಸ್ತಕಗಳಲ್ಲಿ ಇರದ, ಆದರೆ ಮೊದಲ ಎರಡು ವಾರ ತಿನ್ನುವ ಮೂರು ವಿಷಯ ಹೇಳುತ್ತೇನೆ.

ಕಾಲೇಜಿನ ನೆಟ್‌ವರ್ಕ್ ಸಾಮಾನ್ಯವಾಗಿ 22ನೇ ಪೋರ್ಟನ್ನು ಮುಚ್ಚಿರುತ್ತದೆ. ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಪುಶ್ ಮಾಡಿದರೆ (ಕೋಡನ್ನು ಸರ್ವರಿಗೆ ಕಳಿಸಿದರೆ) ಸುಮ್ಮನೆ ಕಾದು ಕಾದು ನಿಂತುಹೋಗುತ್ತದೆ. ಪ್ರಾಜೆಕ್ಟುಗಳ ಕೋಡ್ ಇಡುವ ತಾಣವಾದ ಗಿಟ್‌ಹಬ್ 443ನೇ ಪೋರ್ಟಿನಲ್ಲೂ ಎಸ್‌ಎಸ್‌ಎಚ್ ಸಂಪರ್ಕ ಕೊಡುತ್ತದೆ. ಎಸ್‌ಎಸ್‌ಎಚ್ ಕಾನ್ಫಿಗ್ ಫೈಲಿನಲ್ಲಿ ಮೂರು ನಾಲ್ಕು ಸಾಲು ಸೇರಿಸಿದರೆ ಸಾಕು. ಇಲ್ಲದಿದ್ದರೆ ಎಚ್‌ಟಿಟಿಪಿಎಸ್ ಮತ್ತು ಟೋಕನ್ ಬಳಸಿ.

ಎರಡನೆಯದು ಹೆಸರು. ಲ್ಯಾಬಿನ ಒಂದೇ ಯಂತ್ರದಲ್ಲಿ ಬೆಳಿಗ್ಗೆ ಎ ಬ್ಯಾಚ್, ಮಧ್ಯಾಹ್ನ ಬಿ ಬ್ಯಾಚ್ ಕೂರುತ್ತದೆ. ಬೆಳಿಗ್ಗೆಯವರು ಗಿಟ್ ಕಾನ್ಫಿಗ್‌ನಲ್ಲಿ 'ಗ್ಲೋಬಲ್' ಎಂದು ತಮ್ಮ ಹೆಸರು, ಇಮೇಲ್ ಹಾಕಿ ಹೋಗಿರುತ್ತಾರೆ. ಮಧ್ಯಾಹ್ನದವರ ಕಮಿಟ್‌ಗಳೆಲ್ಲ (ಗಿಟ್‌ನಲ್ಲಿ ದಾಖಲಿಸಿದ ಬದಲಾವಣೆಗಳೆಲ್ಲ) ಬೆಳಿಗ್ಗೆಯವರ ಹೆಸರಿನಲ್ಲಿ ದಾಖಲಾಗುತ್ತವೆ. ಒಮ್ಮೆ ಮರ್ಜ್ ಆದರೆ (ಪ್ರಾಜೆಕ್ಟಿಗೆ ಸೇರಿಕೊಂಡರೆ) ಆ ಹೆಸರು ಇತಿಹಾಸದಲ್ಲಿ ಉಳಿದುಬಿಡುತ್ತದೆ. ಹಾಗಾಗಿ ಲ್ಯಾಬಿನಲ್ಲಿ ರೆಪೊ (ಪ್ರಾಜೆಕ್ಟಿನ ಕೋಡ್ ಇರುವ ಫೋಲ್ಡರ್) ಮಟ್ಟದಲ್ಲೇ ಹೆಸರು ಹಾಕಲು ಹೇಳಿ. ಕಮಿಟ್‌ನಲ್ಲಿರುವ ಇಮೇಲ್ ಲೋಕಕ್ಕೆಲ್ಲ ಕಾಣುತ್ತದೆ ಎನ್ನುವುದನ್ನೂ ಹೇಳಿ. ಗಿಟ್‌ಹಬ್ ಕೊಡುವ 'ನೋ ರಿಪ್ಲೈ' ವಿಳಾಸ ಹಾಕಿಕೊಂಡರೆ ಸ್ವಂತ ವಿಳಾಸ ಹೊರಗೆ ಬರುವುದಿಲ್ಲ. ಹೆಣ್ಣುಮಕ್ಕಳಿಗೆ ಇದನ್ನು ಮರೆಯದೆ ತಿಳಿಸಿ.

ಮೂರನೆಯದು ವಿಂಡೋಸ್‌ನಲ್ಲಿ ಸಾಲು ಮುಗಿಯುವ ಗುರುತು. ಲಿನಕ್ಸ್‌ನಲ್ಲಿ ಸಾಲಿನ ಕೊನೆಗೆ ಒಂದು ಅಕ್ಷರ, ವಿಂಡೋಸ್‌ನಲ್ಲಿ ಎರಡು. ವಿದ್ಯಾರ್ಥಿ ಬದಲಾಯಿಸಿದ್ದು ಒಂದೇ ಸಾಲು, ಆದರೆ ಇಡೀ ಫೈಲೇ ಬದಲಾದಂತೆ ಡಿಫ್‌ನಲ್ಲಿ (ಬದಲಾದ ಸಾಲುಗಳ ಪಟ್ಟಿಯಲ್ಲಿ) ಕಾಣುತ್ತದೆ. ಎಡಿಟರ್ ತಾನಾಗಿ ಫಾರ್ಮ್ಯಾಟ್ ಮಾಡಿದರೂ ಹೀಗೇ ಆಗುತ್ತದೆ. 'ಆಟೊಸಿಆರ್‌ಎಲ್‌ಎಫ್' ಸೆಟ್ಟಿಂಗನ್ನು ಮೊದಲ ದಿನವೇ ಸರಿ ಮಾಡಿಸಿ. ಕಮಿಟ್ ಮಾಡುವ ಮುನ್ನ ಪ್ರತಿ ಸಲ ಗಿಟ್ ಡಿಫ್ ನೋಡುವ ಅಭ್ಯಾಸ ಹಾಕಿಸಿ. ಆಗುವುದಾದರೆ ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್ಎಲ್ ಹಾಕಿಸಿ ಉಬುಂಟುನಲ್ಲಿ ಕೆಲಸ ಮಾಡಿಸಿ. ಲಿನಕ್ಸ್ ಹೊಸದಾದವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ವಿಡಿಯೋಗಳು ಕನ್ನಡದಲ್ಲೂ ಸಿಗುತ್ತವೆ.

ಹಂತ 4: ಮೂರು ವಾರ ಓದು ಮಾತ್ರ

ಇಲ್ಲಿ ಅವಸರ ಮಾಡಬೇಡಿ. ಮೊದಲ ಮೂರು ವಾರ ಯಾರೂ ಒಂದು ಸಾಲು ಕೋಡನ್ನೂ ಬರೆಯುವುದು ಬೇಡ.

ಮೊದಲ ವಾರ, ಪ್ರಾಜೆಕ್ಟನ್ನು ಬಳಕೆದಾರರಂತೆ ಬಳಸಲಿ. ಎರಡನೇ ವಾರ, ಈಗಾಗಲೇ ಮರ್ಜ್ ಆಗಿರುವ ಒಂದು ಸಣ್ಣ ಪುಲ್ ರಿಕ್ವೆಸ್ಟನ್ನು ಇಬ್ಬಿಬ್ಬರು ಸೇರಿ ಪೂರ್ತಿ ಓದಲಿ. ತೊಂದರೆ ಏನಿತ್ತು, ಯಾವ ಫೈಲ್ ಬದಲಾಯಿತು, ರಿವ್ಯೂ ಮಾಡಿದವರು ಏನು ಕೇಳಿದರು, ಕೊನೆಗೆ ಯಾವ ಟೆಸ್ಟ್ ಸೇರಿಸಿದರು. ಇದನ್ನು ಕ್ಲಾಸಿನಲ್ಲಿ ಹತ್ತು ನಿಮಿಷ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ವಿವರಿಸಲಿ. ಮೂರನೇ ವಾರ, ಒಂದು ಫಂಕ್ಷನ್ ಹಿಡಿದು, ಯಾವ ಸಾಲನ್ನು ಯಾರು ಯಾವಾಗ ಬದಲಾಯಿಸಿದರೆಂದು ತೋರಿಸುವ ಗಿಟ್ ಬ್ಲೇಮ್ ಮತ್ತು ಗಿಟ್ ಲಾಗ್ ಮೂಲಕ ಅದು ಯಾಕೆ ಹೀಗಿದೆ ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗಲಿ. ವಿಚಿತ್ರವಾಗಿ ಕಾಣುವ ಒಂದು 'ಇಫ್' ಸಾಲಿನ ಹಿಂದೆ ಹಲವು ವರ್ಷ ಹಳೆಯ ಬಗ್ ಒಂದು ಸಿಕ್ಕಿದಾಗ ಹುಡುಗರ ಕಣ್ಣು ಅರಳುವುದನ್ನು ನೋಡಬೇಕು.

ಇದೇ ಹೊತ್ತಿನಲ್ಲಿ ಒಂದು ತರಗತಿಯನ್ನು ಎಕ್ಸ್‌ಝೆಡ್ ಪ್ರಕರಣಕ್ಕೆ ಮೀಸಲಿಡಿ. ಲಿನಕ್ಸ್ ಲೋಕವೆಲ್ಲ ಬಳಸುವ ಈ ಕಂಪ್ರೆಷನ್ ಸಾಫ್ಟ್‌ವೇರನ್ನು ನೋಡಿಕೊಳ್ಳುತ್ತಿದ್ದದ್ದು ಮುಖ್ಯವಾಗಿ ಒಬ್ಬರೇ. ದಣಿದಿದ್ದ ಅವರಿಗೆ ನೆರವಾಗುವ ಸೋಗಿನಲ್ಲಿ ಬಂದ ಒಂದು ಖಾತೆ ಎರಡು ವರ್ಷಕ್ಕೂ ಜಾಸ್ತಿ ಕಾಲ ನಂಬಿಕೆ ಗಳಿಸಿ, ಕೊನೆಗೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಗ್ಗುವ ದಾರಿ) ಇಟ್ಟಿತು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರೂಂಡ್ ಎಂಬ ಡೆವಲಪರ್‌ಗೆ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಅನ್ನಿಸಿತು. ಅದರ ಬೆನ್ನು ಹತ್ತಿ ಹೋದಾಗ ಎಲ್ಲವೂ ಹೊರಬಿತ್ತು. ಮೇಂಟೇನರ್ ಎಂದರೆ ಯಾರು, ಅವರ ಸಮಯಕ್ಕೆ ಎಷ್ಟು ಬೆಲೆ, ಅರ್ಧ ಸೆಕೆಂಡಿನ ವ್ಯತ್ಯಾಸವನ್ನೂ ಬಿಡದ ಕುತೂಹಲ ಏನು ಮಾಡಬಲ್ಲದು, ಮೂರನ್ನೂ ಈ ಒಂದೇ ಘಟನೆ ಕಲಿಸುತ್ತದೆ.

ಹಂತ 5: ಕನ್ನಡ ಹಾಕಿ ನೋಡಿ, ಬಗ್ ತಾನಾಗಿ ಸಿಗುತ್ತದೆ

'ಅಷ್ಟು ದೊಡ್ಡ ಪ್ರಾಜೆಕ್ಟಿಗೆ ನಾನೇನು ಕೊಡಲಿ?' ಎಂದು ಪ್ರತಿ ವಿದ್ಯಾರ್ಥಿಯೂ ಕೇಳುತ್ತಾರೆ. ನನ್ನ ಉತ್ತರ ಇದು. ನಿನಗೆ ಕನ್ನಡ ಬರುತ್ತೆ. ಜರ್ಮನಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕೂತ ಮೇಂಟೇನರ್‌ಗೆ ಅದು ಬರುವುದಿಲ್ಲ. ಅವರಿಗೆ ಎಂದೂ ಕಾಣದ ತಪ್ಪು ನಿನಗೆ ಐದು ನಿಮಿಷದಲ್ಲಿ ಕಾಣುತ್ತದೆ.

ಒಂದು ಲ್ಯಾಬ್ ಅವಧಿಯಲ್ಲಿ ಹೀಗೆ ಮಾಡಿಸಿ. ಪ್ರಾಜೆಕ್ಟಿನಲ್ಲಿ ಎಲ್ಲೆಲ್ಲಿ ಪಠ್ಯ ಹಾಕಬಹುದೋ ಅಲ್ಲೆಲ್ಲ ಕನ್ನಡ ಹಾಕಿ. ಒತ್ತಕ್ಷರ, ಅರ್ಕಾವತ್ತು ಇರುವ ಪದಗಳನ್ನು ಬೇಕೆಂದೇ ಹಾಕಿ. ಹುಡುಕಿ. ಅಕಾರಾದಿಯಾಗಿ ಜೋಡಿಸಿ. ಪಿಡಿಎಫ್ ಮಾಡಿ, ಅದರಿಂದ ಕಾಪಿ ಮಾಡಿ ಮತ್ತೆ ಪೇಸ್ಟ್ ಮಾಡಿ. ಬ್ಯಾಕ್‌ಸ್ಪೇಸ್ ಒತ್ತಿದಾಗ ಎಷ್ಟು ಅಳಿಯುತ್ತದೆ ನೋಡಿ. 'ಕ್ಷ' ನಮಗೆ ಒಂದು ಅಕ್ಷರ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದು ಕ, ವಿರಾಮ (ಹಲಂತದ ಗುರುತು), ಷ ಎಂದು ಮೂರು ಕೋಡ್ ಪಾಯಿಂಟ್, ಅಂದರೆ ಮೂರು ಸಂಖ್ಯೆ. ಹೆಸರಿಗೆ ಇಂತಿಷ್ಟೇ ಅಕ್ಷರ ಎಂದು ಮಿತಿ ಇಟ್ಟಲ್ಲಿ, ಉದ್ದದ ಪದವನ್ನು ಕತ್ತರಿಸಿ ಚುಕ್ಕಿ ಹಾಕಿದಲ್ಲಿ ಇದು ಕೈ ಕೊಡುತ್ತದೆ.

ಅಕಾರಾದಿ ಜೋಡಣೆಯನ್ನೇ ಹತ್ತಿರದಿಂದ ನೋಡೋಣ. ಬಳ್ಳಾರಿ, ಬಸವಕಲ್ಯಾಣ ಎಂದು ಎರಡು ಊರು ಕೊಡಿ. ನಮ್ಮ ವರ್ಣಮಾಲೆಯಲ್ಲಿ ಯ, ರ, ಲ, ವ, ಶ, ಷ, ಸ, ಹ ಆದಮೇಲೆ ಕೊನೆಯಲ್ಲಿ ಳ. ಹಾಗಾಗಿ ಬಸವಕಲ್ಯಾಣ ಮೊದಲು, ಬಳ್ಳಾರಿ ನಂತರ ಬರಬೇಕು. ಯೂನಿಕೋಡ್‌ನ ಸಂಖ್ಯಾಕ್ರಮದಲ್ಲಿ ಳ ಇರುವುದು ಲ ಆದ ಕೂಡಲೇ, ವ ಬರುವ ಮುಂಚೆ. ಪ್ರೋಗ್ರಾಮ್ ಬರಿಯ ಸಂಖ್ಯೆ ನೋಡಿ ಜೋಡಿಸುತ್ತಿದ್ದರೆ ಬಳ್ಳಾರಿ ಮೇಲೆ ಬಂದು ಕೂರುತ್ತದೆ. ಭಾಷೆಗೆ ತಕ್ಕಂತೆ ಹೋಲಿಸುವ ಫಂಕ್ಷನ್ ಬಳಸುವುದು ಇದಕ್ಕೆ ಪರಿಹಾರ. ಹಲವು ಪ್ರಾಜೆಕ್ಟುಗಳಲ್ಲಿ ಅದು ಒಂದೆರಡು ಸಾಲಿನ ಬದಲಾವಣೆ, ಜೊತೆಗೆ ಒಂದು ಟೆಸ್ಟ್. ಮೂರನೇ ಸೆಮಿಸ್ಟರ್‌ನವರೂ ಮಾಡಬಹುದು. ಬೇರೆ ಭಾಷೆಯವರಿಗೂ ಅದರಿಂದ ಉಪಯೋಗವಾಗುತ್ತದೆ.

ಹಂತ 6: ಮಾತಾಡುವುದನ್ನು ಕಲಿಸಿ

ಇಶ್ಯೂ ಕೆಳಗೆ ನಮ್ಮ ವಿದ್ಯಾರ್ಥಿಗಳು ಬರೆಯುವ ಮೊದಲ ಸಾಲು ಹೆಚ್ಚಾಗಿ ಹೀಗಿರುತ್ತದೆ: 'ಹಲೋ ಸರ್, ಐ ಆಮ್ ಎ ಬಿಗಿನರ್, ಪ್ಲೀಸ್ ಅಸೈನ್ ದಿಸ್ ಟು ಮಿ.' ಇದರಲ್ಲಿ ವಿನಯ ಇದೆ, ಮಾಹಿತಿ ಇಲ್ಲ. ಆಚೆಯವರು ಗಂಡೋ ಹೆಣ್ಣೋ ಅಂತಲೂ ಗೊತ್ತಿರುವುದಿಲ್ಲ. ಅಲ್ಲಿ ಎಲ್ಲರೂ ಒಬ್ಬರನ್ನೊಬ್ಬರು ಹೆಸರು ಹಿಡಿದೇ ಕರೆಯುತ್ತಾರೆ, ಅದರಲ್ಲಿ ಅಗೌರವವಿಲ್ಲ ಎಂದು ಬಿಡಿಸಿ ಹೇಳಿ.

ಅದರ ಬದಲು ಹೀಗೆ ಬರೆಯಲು ಕಲಿಸಿ: 'ಉಬುಂಟು 24.04ರಲ್ಲಿ, ಇವತ್ತಿನ ಮೇನ್ ಬ್ರಾಂಚ್‌ನಲ್ಲಿ ಈ ತೊಂದರೆ ನನಗೂ ಕಾಣಿಸಿತು. ಪಟ್ಟಿಯನ್ನು ಜೋಡಿಸುವ ಫಂಕ್ಷನ್ ಕೋಡ್ ಪಾಯಿಂಟ್ ನೋಡಿ ಹೋಲಿಸುತ್ತಿದೆ. ಭಾಷೆಗೆ ತಕ್ಕ ಹೋಲಿಕೆ ಬಳಸಿ, ಎರಡು ಕನ್ನಡ ಪದಗಳ ಒಂದು ಟೆಸ್ಟ್ ಸೇರಿಸಬೇಕೆಂದಿದ್ದೇನೆ. ಈ ದಾರಿ ಸರಿಯೇ?' ಇದನ್ನು ಓದಿದ ಮೇಂಟೇನರ್ 'ಸರಿ' ಎಂದು ಒಂದೇ ಪದದಲ್ಲಿ ಉತ್ತರಿಸಬಹುದು.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷಿನಲ್ಲಿ ಎಲ್ಲರ ಮುಂದೆ ಬರೆಯುವುದೇ ಕೋಡಿಗಿಂತ ದೊಡ್ಡ ಹೆದರಿಕೆ. ಇದನ್ನು ಹಗುರವಾಗಿ ತಳ್ಳಿಹಾಕಬೇಡಿ. ಮೊದಲು ಕನ್ನಡದಲ್ಲೇ ನಾಲ್ಕು ಸಾಲು ಬರೆಸಿ: ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು, ಏನು ಮಾಡಬೇಕೆಂದಿದ್ದೇನೆ. ಆಮೇಲೆ ಪಕ್ಕದಲ್ಲಿ ಕೂತು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ ಮಾಡಿಸಿ. ಓಪನ್ ಸೋರ್ಸ್‌ನಲ್ಲಿ ಬಹಳ ಜನಕ್ಕೆ ಇಂಗ್ಲಿಷ್ ಮನೆಮಾತಲ್ಲ. ವ್ಯಾಕರಣ ತಪ್ಪಿದರೆ ಯಾರೂ ನಗುವುದಿಲ್ಲ. ವಿಷಯ ಸ್ಪಷ್ಟವಾಗಿದ್ದರೆ ಸಾಕು.

ಹಂತ 7: ಕ್ಲಾಸಿನೊಳಗಿನ ರಿವ್ಯೂ, ಆಮೇಲೆ ಹೊರಗೆ

ಯಾವ ಪುಲ್ ರಿಕ್ವೆಸ್ಟೂ ನೇರವಾಗಿ ಹೊರಗೆ ಹೋಗಬಾರದು. ಮೊದಲು ಕ್ಲಾಸಿನ ಫೋರ್ಕ್‌ಗೆ (ಪ್ರಾಜೆಕ್ಟಿನ ನಮ್ಮದೇ ಪ್ರತಿಗೆ) ಬರಲಿ. ಇಬ್ಬರು ಸಹಪಾಠಿಗಳು ಓದಿ ಬರಹದಲ್ಲೇ ಪ್ರಶ್ನೆ ಕೇಳಲಿ. ಟೆಸ್ಟ್‌ಗಳು ಓಡುತ್ತಿವೆಯಾ, ಕಮಿಟ್ ಸಂದೇಶದಲ್ಲಿ ಏನು ಮಾಡಿದೆ ಎನ್ನುವುದರ ಜೊತೆ ಯಾಕೆ ಮಾಡಿದೆ ಎನ್ನುವುದೂ ಇದೆಯಾ, ಸಂಬಂಧವಿಲ್ಲದ ಬದಲಾವಣೆ ನುಸುಳಿದೆಯಾ ನೋಡಲಿ. ಕೊನೆಗೆ ನೀವು ನೋಡಿ. ವಾರಕ್ಕೆ ಇಡೀ ಕ್ಲಾಸಿನಿಂದ ನಾಲ್ಕೈದಕ್ಕಿಂತ ಜಾಸ್ತಿ ಹೊರಗೆ ಬಿಡಬೇಡಿ.

ಲೈಸೆನ್ಸ್ ಬಗ್ಗೆ ಒಂದು ತರಗತಿ ಸಾಕು. ಎಂಐಟಿ, ಅಪಾಚೆ, ಜಿಪಿಎಲ್ ಇವುಗಳ ಮೂಲ ವ್ಯತ್ಯಾಸ, ಎಲ್ಲೋ ಸಿಕ್ಕ ಕೋಡನ್ನು ಅದರ ಲೈಸೆನ್ಸ್ ನೋಡದೆ ಅಂಟಿಸಬಾರದು ಎನ್ನುವುದು, ಕಮಿಟ್‌ನಲ್ಲಿ 'ಸೈನ್ಡ್ ಆಫ್ ಬೈ' ಎಂದು ಹಾಕುವುದರ ಅರ್ಥ, ಇಷ್ಟು ತಿಳಿದರೆ ಆಯಿತು.

ಎಐ ಬಗ್ಗೆ ಖಡಾಖಂಡಿತವಾಗಿ ಮಾತಾಡಿ. ಕೋಡ್ ಅರ್ಥ ಮಾಡಿಕೊಳ್ಳಲು ಚಾಟ್‌ಬಾಟ್ ಕೇಳಲಿ, ತಪ್ಪಿಲ್ಲ. ಆದರೆ ತನಗೆ ವಿವರಿಸಲು ಬಾರದ ಒಂದು ಸಾಲನ್ನೂ ಕಳಿಸಬಾರದು. ಇಂಟರ್ನೆಟ್ ಮೂಲಕ ಡೇಟಾ ಕಳಿಸುವ, ತರಿಸುವ ಕರ್ಲ್ ಪ್ರಾಜೆಕ್ಟಿನ ಡೇನಿಯಲ್ ಸ್ಟೆನ್‌ಬರ್ಗ್ ಎಐ ಹೆಣೆದ ಸುಳ್ಳು ಬಗ್ ವರದಿಗಳು ತಮ್ಮ ಸಮಯವನ್ನು ಹೇಗೆ ತಿನ್ನುತ್ತಿವೆ ಎಂದು 2024ರಿಂದಲೂ ಬರೆಯುತ್ತಿದ್ದಾರೆ. ಕೆಲವು ಪ್ರಾಜೆಕ್ಟುಗಳು ಎಐ ಕೋಡನ್ನು ಪೂರ್ತಿ ನಿಷೇಧಿಸಿವೆ. ನೀವು ಆರಿಸಿದ ಪ್ರಾಜೆಕ್ಟಿನ ನಿಯಮ ಏನೆಂದು ಮೊದಲೇ ಓದಿ.

ಒಬ್ಬರು ಮಾಡಿದ ತಪ್ಪಿಗೆ ಕಾಲೇಜಿಗೇ ಕೆಟ್ಟ ಹೆಸರು ಬರುತ್ತದೆ ಎನ್ನುವುದನ್ನೂ ಹೇಳಿ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು ಅಧ್ಯಯನಕ್ಕೆಂದು ಬೇಕೆಂದೇ ದೋಷವಿರುವ ಪ್ಯಾಚ್‌ಗಳನ್ನು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಕಳಿಸಿದ್ದು 2021ರಲ್ಲಿ ದೊಡ್ಡ ವಿವಾದವಾಯಿತು. ಆಗ ಕರ್ನಲ್ ಮೇಂಟೇನರ್ ಗ್ರೆಗ್ ಕ್ರೋಹ್-ಹಾರ್ಟ್‌ಮನ್ ಆ ಇಡೀ ವಿಶ್ವವಿದ್ಯಾಲಯದಿಂದ ಬರುವ ಕೊಡುಗೆಗಳನ್ನೇ ತಡೆದರು. ಅದಕ್ಕೆ ಸಂಬಂಧವೇ ಇಲ್ಲದ ವಿದ್ಯಾರ್ಥಿಗಳ ದಾರಿಯೂ ಮುಚ್ಚಿತು.

ಹಂತ 8: ಮಾರ್ಕ್ಸ್ ಹೇಗೆ ಕೊಡುವುದು

ಮರ್ಜ್ ಆದರೆ ಮಾರ್ಕ್ಸ್ ಎಂಬ ನಿಯಮ ಬೇಡವೇ ಬೇಡ. ಮರ್ಜ್ ಆಗುವುದು ವಿದ್ಯಾರ್ಥಿಯ ಕೈಯಲ್ಲಿಲ್ಲ. ಮೇಂಟೇನರ್‌ಗೆ ಜ್ವರ ಬಂದಿರಬಹುದು, ಬಿಡುಗಡೆಯ ಗಡಿಬಿಡಿ ಇರಬಹುದು. ಈ ನಿಯಮ ಇಟ್ಟರೆ ಹುಡುಗರು 'ಸರ್ ಪ್ಲೀಸ್ ಮರ್ಜ್, ನಾಳೆ ಇಂಟರ್ನಲ್ಸ್ ಇದೆ' ಎಂದು ಬರೆಯುತ್ತಾರೆ. ನಮ್ಮ ಇಂಟರ್ನಲ್ಸ್ ಹೊರೆಯನ್ನು ಸಂಬಳವಿಲ್ಲದೆ ದುಡಿಯುವವರ ತಲೆ ಮೇಲೆ ಹಾಕುವುದು ನ್ಯಾಯವಲ್ಲ.

ಸಿಐಇಯ (ಇಂಟರ್ನಲ್ಸ್ ಮೌಲ್ಯಮಾಪನದ) 50 ಅಂಕಗಳನ್ನು ನಾನಾದರೆ ಹೀಗೆ ಹಂಚುತ್ತೇನೆ. ಓದಿ ವಿವರಿಸಿದ್ದಕ್ಕೆ 15. ಇಶ್ಯೂ ಬರೆದದ್ದಕ್ಕೆ, ಅದರ ಮೇಲಿನ ಮಾತುಕತೆಗೆ 10. ಪ್ಯಾಚ್‌ಗೆ 10. ಸಹಪಾಠಿಗಳ ಕೋಡ್ ರಿವ್ಯೂ ಮಾಡಿದ್ದಕ್ಕೆ 10. ವಾರಕ್ಕೊಮ್ಮೆ ಬರೆದ ಟಿಪ್ಪಣಿಗೆ 5. ಎಲ್ಲವೂ ಸಾರ್ವಜನಿಕವಾಗಿ ದಾಖಲಾಗಿರುವುದರಿಂದ ಕೊಂಡಿಗಳನ್ನೇ ತೆಗೆದುಕೊಳ್ಳಿ, ಪ್ರಿಂಟ್ ಹಾಕಿದ ರೆಕಾರ್ಡ್ ಬುಕ್ ಕೇಳಬೇಡಿ. ವೈವಾದಲ್ಲಿ ಅವರದೇ ಡಿಫ್ ತೆರೆದು 'ಈ ಸಾಲು ಯಾಕೆ?' ಎಂದು ಕೇಳಿ. ನಕಲು ಮಾಡಿದವರು ಅಲ್ಲೇ ಗೊತ್ತಾಗುತ್ತಾರೆ.

ಹಂತ 9: ಸೆಮಿಸ್ಟರ್ ಮುಗಿಯುವಾಗ

ಆಸಕ್ತಿ ಹತ್ತಿದವರಿಗೆ ಮುಂದಿನ ದಾರಿ ತೋರಿಸಿ. ಹೊಸಬರಿಗೆ ಸ್ಟೈಪೆಂಡ್ ಕೊಟ್ಟು ಓಪನ್ ಸೋರ್ಸ್ ಕೆಲಸ ಮಾಡಿಸುವ ಗೂಗಲ್ ಸಮ್ಮರ್ ಆಫ್ ಕೋಡ್ 2005ರಿಂದ ನಡೆಯುತ್ತಿದೆ. 18 ತುಂಬಿದವರು ಅರ್ಜಿ ಹಾಕಬಹುದು, 2022ರಿಂದ ವಿದ್ಯಾರ್ಥಿಗಳೇ ಆಗಿರಬೇಕೆಂದೂ ಇಲ್ಲ. ಔಟ್‌ರೀಚಿ ಸ್ಟೈಪೆಂಡ್ ಕೊಡುವ ಇಂಟರ್ನ್‌ಶಿಪ್. ತಂತ್ರಜ್ಞಾನದಲ್ಲಿ ಕಡಿಮೆ ಅವಕಾಶ ಸಿಕ್ಕವರಿಗೆ ಅಲ್ಲಿ ಆದ್ಯತೆ. ಎರಡರಲ್ಲೂ ಪ್ರಾಜೆಕ್ಟಿನಲ್ಲಿ ಮೊದಲೇ ಕೆಲಸ ಮಾಡಿದವರಿಗೆ ಅನುಕೂಲ ಜಾಸ್ತಿ. ಬೆಂಗಳೂರಿನಲ್ಲಿ ಫಾಸ್ ಯುನೈಟೆಡ್ ಮತ್ತು ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಕಾರ್ಯಕ್ರಮ ನಡೆಸುತ್ತವೆ. ಅವರನ್ನು ನಿಮ್ಮ ಕಾಲೇಜಿಗೂ ಕರೆಯಿರಿ.

ಕೊನೆಯ ವಾರ ಒಂದು ಲ್ಯಾಬ್ ಅವಧಿಯನ್ನು ಬಾಕಿ ಕೆಲಸಕ್ಕೆ ಇಟ್ಟುಕೊಳ್ಳಿ. ತೆರೆದೇ ಇರುವ ಪ್ರತಿ ಪುಲ್ ರಿಕ್ವೆಸ್ಟನ್ನೂ ಒಂದೊಂದಾಗಿ ನೋಡಿ. ಮುಂದುವರಿಸುವವರು ಪರೀಕ್ಷೆ ಮುಗಿಯುವ ತಾರೀಕು ಹೇಳಿ, ಆಮೇಲೆ ಬರುತ್ತೇನೆಂದು ಅಲ್ಲೇ ಬರೆಯಲಿ. ಮುಂದುವರಿಸಲು ಆಗದವರು ಎಲ್ಲಿಯವರೆಗೆ ಮಾಡಿದೆ, ಏನು ಉಳಿದಿದೆ ಎಂದು ಎರಡು ಸಾಲು ಬರೆದು, ಬೇರೆಯವರು ತೆಗೆದುಕೊಳ್ಳಬಹುದು ಎಂದು ತಿಳಿಸಿ ಮುಚ್ಚಲಿ. ತಮ್ಮ ಹೆಸರಿಗೆ ಹಾಕಿಸಿಕೊಂಡ ಇಶ್ಯೂಗಳನ್ನು ಬಿಟ್ಟುಕೊಡಲಿ. ನೀವು ಮೇಂಟೇನರ್‌ಗಳಿಗೆ ಧನ್ಯವಾದದ ಪತ್ರ ಬರೆದು, ಮುಂದಿನ ಬ್ಯಾಚ್ ಯಾವ ತಿಂಗಳು ಬಂದರೆ ಅವರಿಗೆ ಅನುಕೂಲ ಎಂದು ಕೇಳಿ.